ಎರಡನೇ ಹಾರ್ಡ್ ಡಿಸ್ಕ್ ತೆರೆಯುತ್ತಿಲ್ಲ, ಫಾರ್ಮ್ಯಾಟ್ ಮಾಡಲೇಬೇಕಾ?

ಪ್ರಶ್ನೆ: ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್, ಉಬುಂಟು (ಲಿನಕ್ಸ್‌ನ ಒಂದು ಬಗೆ) ಎರಡೂ ಇವೆ. ಉಬುಂಟುವಿನಲ್ಲಿ ಎರಡನೇ ಡಿಸ್ಕ್ ಮೌಂಟ್ ಆಗುತ್ತಿಲ್ಲ, ಅಂದರೆ ತೆರೆದುಕೊಳ್ಳುತ್ತಿಲ್ಲ. ರಿಪೇರಿಯವರು "ಲಿನಕ್ಸ್ ಡಿಸ್ಕ್ ಹಾಳು ಮಾಡಿದೆ, ಫಾರ್ಮ್ಯಾಟ್ ಮಾಡಿ" ಅಂತಾರೆ. ಅದರಲ್ಲಿ ಯಕ್ಷಗಾನದ ವಿಡಿಯೊಗಳೆಲ್ಲ ಇವೆ. (ಬದಿಯಡ್ಕದಿಂದ)

ಫಾರ್ಮ್ಯಾಟ್ ಬೇಡ. ಈ ಮಳೆಗಾಲದಲ್ಲಿ ಇದನ್ನು ಬರೆಯುತ್ತಿರುವುದು ನಾಲ್ಕನೇ ಸಲ. ನಮ್ಮ ಕೇರಳದ ಶಾಲೆಗಳಲ್ಲಿ ಮಕ್ಕಳು ಶಾಲೆಗಳಿಗೆಂದೇ ಮಾಡಿದ ಕೈಟ್ ಲಿನಕ್ಸ್‌ನಲ್ಲೇ ಕಲಿಯುತ್ತಾರೆ, ಪೇಟೆಯಲ್ಲಿ ಮಾತ್ರ ಏನು ಕೆಟ್ಟರೂ ತಪ್ಪು ಲಿನಕ್ಸ್‌ನದ್ದು!

ಲಿನಕ್ಸ್ ಹಾಳು ಮಾಡಿಲ್ಲ. ಹಾಳಾಗಬಾರದು ಅಂತಲೇ ಅದು ಡಿಸ್ಕ್ ಮುಟ್ಟುತ್ತಿಲ್ಲ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಬೇಗ ಏಳಲಿಕ್ಕೆಂದು ಅರ್ಧ ನಿದ್ದೆಗೆ ಜಾರುತ್ತದೆ. ಅಡಿಕೆ ಲೆಕ್ಕ ಬರೆಯುತ್ತಾ ಪುಸ್ತಕ ತೆರೆದಿಟ್ಟು ಊಟಕ್ಕೆ ಎದ್ದ ಹಾಗೆ. ಅಷ್ಟರಲ್ಲಿ ಇನ್ನೊಬ್ಬರು ಅದೇ ಪುಟದಲ್ಲಿ ಗೀಚಿದರೆ? ಊಟ ಮುಗಿಸಿ ಬಂದವನು ತಲೆಯಲ್ಲಿದ್ದ ಮೊತ್ತವನ್ನೇ ಮುಂದುವರಿಸುತ್ತಾನೆ, ಲೆಕ್ಕವೆಲ್ಲ ಕೆಡುತ್ತದೆ. ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಡಿಸ್ಕ್ ಹೀಗೆ ತೆರೆದೇ ಇರುವ ಗುರುತು ಕಂಡರೆ ಲಿನಕ್ಸ್ ಮೌಂಟ್ ಮಾಡಲು ಒಪ್ಪುವುದಿಲ್ಲ, ಇಲ್ಲವೇ ಓದಲಷ್ಟೇ ಬಿಡುತ್ತದೆ. 'ಬ್ಯಾಡ್ ಸೂಪರ್‌ಬ್ಲಾಕ್' ಅಂತ ಬಂದರೆ ರಿಪೇರಿಯವರಿಗೆ ಗಾಬರಿ. ಆ ಒಂದೇ ಸಾಲನ್ನು ಅದು ಬೇರೆ ಬೇರೆ ಕಾರಣಕ್ಕೂ ಹೇಳುತ್ತದೆ, ಸ್ವಾಮಿ.

ವಿಂಡೋಸ್‌ಗೆ ಹೋಗಿ ಶಟ್‌ಡೌನ್ ಅಲ್ಲ, ರಿಸ್ಟಾರ್ಟ್ ಒತ್ತಿ ಉಬುಂಟುವಿಗೆ ಬನ್ನಿ. ರಿಸ್ಟಾರ್ಟ್‌ನಲ್ಲಿ ಆ ಅರ್ಧ ನಿದ್ದೆ ಇಲ್ಲ. ಡಿಸ್ಕ್ ತೆರೆಯಿತಾ? ಹಾಗಾದರೆ ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆದುಬಿಡಿ. ನಡುವೆ ಕರೆಂಟು ಹೋಗಿದ್ದರೆ ವಿಂಡೋಸ್‌ನಲ್ಲೇ ಡಿಸ್ಕ್ ತಪಾಸಣೆಯ ಚೆಕ್‌ಡಿಸ್ಕ್ (chkdsk) ಓಡಿಸಿ.

ಉಬುಂಟುವಿನಲ್ಲಿ ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ (lsblk) ಕಮಾಂಡ್ ಕೊಟ್ಟಾಗ ಡಿಸ್ಕೇ ಕಾಣದಿದ್ದರೆ ಕೇಬಲ್ ನೋಡಿ. ಲಿನಕ್ಸ್ ಬರೆದಿಡುವ ಸಂದೇಶಗಳನ್ನು ತೋರಿಸುವ ಡಿಮೆಸೇಜ್‌ನಲ್ಲಿ (dmesg) ಐ/ಓ ಎರರ್, ಅಂದರೆ ಓದು-ಬರಹದ ದೋಷ, ಸಾಲುಗಟ್ಟಿದ್ದರೆ ಮಾತ್ರ ಡಿಸ್ಕ್ ನಿಜಕ್ಕೂ ಸೋತಿರಬಹುದು. ರಿಪೇರಿ ಬಿಟ್ಟು ಮೊದಲು ವಿಡಿಯೊ ನಕಲಿಸಿಕೊಳ್ಳಿ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಡಿಸ್ಕ್ ತೆರೆದ ಖುಷಿಗೆ ಬೂಟ್ ಆಗುವಾಗ ಯಾವ ಡಿಸ್ಕ್ ತಾನಾಗಿ ತೆರೆಯಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್‌ನಲ್ಲಿ (fstab) ಸಾಲು ಸೇರಿಸುವವರು ಜಾಸ್ತಿ. ಅಲ್ಲಿ ಲಿನಕ್ಸ್ ಡಿಸ್ಕಿಗೆ ಕೊಟ್ಟ ಎಸ್‌ಡಿಬಿ1 (sdb1) ಅನ್ನುವಂಥ ಹೆಸರು ಬರೆಯಬೇಡಿ. ಪೆನ್‌ಡ್ರೈವ್ ಚುಚ್ಚಿ ಬೂಟ್ ಮಾಡಿದರೆ ನಾಳೆ ಆ ಹೆಸರು ಅದರದ್ದಾಗಬಹುದು. ಡಿಸ್ಕಿನ ಬದಲಾಗದ ಗುರುತು ಸಂಖ್ಯೆಯಾದ ಯುಯುಐಡಿ (UUID) ಬರೆಯಿರಿ, ಜತೆಗೆ ಡಿಸ್ಕ್ ಸಿಗದಿದ್ದರೂ ಬೂಟ್ ಮುಂದುವರಿಸು ಅನ್ನುವ ನೋಫೇಲ್ (nofail) ಸೇರಿಸಿ. ನೋಫೇಲ್ ಇಲ್ಲದ ನನ್ನ ಕಂಪ್ಯೂಟರ್ ಒಮ್ಮೆ ಸುಮ್ನೆ 90 ಸೆಕೆಂಡು ಕಾದು ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತಿತು. ಅರ್ಧ ಗಂಟೆ ತಡಕಾಡಿದೆ. ಡಿಸ್ಕ್ ಮೇಜಿನ ಮೇಲೆಯೇ ಇತ್ತು, ಬಿಚ್ಚಿಟ್ಟವನು ನಾನೇ.