ಎಂಟು ಬಿಂದು, ಒಂದೇ 63650

ತೆಳ್ಳನೆಯ ಒಂದು ತಂತಿ. ಅದರ ತುದಿಯಲ್ಲಿ ಸಾಲಾಗಿ ಎಂಟು ಲೋಹದ ಬಿಂದುಗಳು. ಒಂದೊಂದು ಬಿಂದುವೂ ಒಂದೊಂದು ಎಲೆಕ್ಟ್ರೋಡ್. ಬಿಡದ ನೋವನ್ನು ಸಣ್ಣ ವಿದ್ಯುತ್ ಮಿಡಿತಗಳಿಂದ ತಗ್ಗಿಸಲು ಡಾಕ್ಟರು ಇದನ್ನು ಸೂಜಿಯ ಮೂಲಕ ರೋಗಿಯ ಬೆನ್ನಿನೊಳಗೆ ತೂರಿಸಿದ್ದಾರೆ. ಈ ಕೆಲಸದ ಸಂಖ್ಯೆ 63650. ಬಿಲ್ಲಿನಲ್ಲಿ ಅದನ್ನು ಎಷ್ಟು ಸಲ ಬರೆಯಬೇಕು? ಹೊಸಬರು ತಟ್ಟನೆ ಎಂಟು ಅನ್ನುತ್ತಾರೆ. ಬರೆಯಬೇಕಾದದ್ದು ಒಂದೇ ಸಲ. ಬಿಂದುಗಳನ್ನು ಕಾರ್ಖಾನೆಯಲ್ಲೇ ಕೂರಿಸಿ ಕಳಿಸಿರುತ್ತಾರೆ. ಡಾಕ್ಟರ ಕೈ ಒಳಗೆ ತೂರಿಸಿದ್ದು ಒಂದು ತಂತಿಯನ್ನು. ಎರಡು ತಂತಿ ಹಾಕಿದ್ದರೆ ಎರಡು ಸಲ.

ಇದು ಅಮೆರಿಕದ ಸಿಪಿಟಿ ಸಂಖ್ಯೆ, ಅಂದರೆ ಡಾಕ್ಟರು ಮಾಡಿದ ಒಂದೊಂದು ಕೆಲಸಕ್ಕೂ ಬಿಲ್ಲಿನಲ್ಲಿ ಬರೆಯುವ ಸಂಖ್ಯೆ. ಅಲ್ಲಿನ ಆಸ್ಪತ್ರೆಗಳ ಇಂಥ ಬಿಲ್ಲುಗಳ ಹಿಂದೆ ಬೆಂಗಳೂರು, ಮೈಸೂರಿನ ಎಷ್ಟೋ ಹುಡುಗ ಹುಡುಗಿಯರ ದುಡಿಮೆ ಇದೆ. ಆದರೂ ಮನೆಯಲ್ಲಿ ಕೇಳುವ ಮಾತು ಒಂದೇ: 'ಸುಮ್ನೆ ನಂಬರ್ ತುಂಬೋದು ಅಲ್ವಾ?' ಅಲ್ಲ. ಈ 63650ರ ವಿವರಣೆಯಲ್ಲಿ 'ಎಪಿಡ್ಯೂರಲ್' ಎಂಬ ಒಂದು ಪದ ಇದೆ. ಅದು ಗೊತ್ತಿಲ್ಲದೆ ಆಪರೇಷನ್ ಟಿಪ್ಪಣಿ ಓದಲು ಆಗುವುದೇ ಇಲ್ಲ. ಬೆನ್ನುಹುರಿಯ ಮೇಲೆ ಮೂರು ಹೊದಿಕೆಗಳಿವೆ. ಎಲ್ಲಕ್ಕಿಂತ ಹೊರಗಿನದು ಡ್ಯೂರಾ. ಎಪಿಡ್ಯೂರಲ್ ಅಂದರೆ ಆ ಡ್ಯೂರಾದ ಹೊರಗೆ. ತಂತಿ ನಿಲ್ಲುವುದು ಅಲ್ಲೇ. 'ಹುರಿಗೇ ತಂತಿ ಚುಚ್ಚುತ್ತಾರಂತೆ' ಎಂದು ಹೆದರುವವರಿಗೆ ಉತ್ತರ ಆ ಒಂದು ಪದದಲ್ಲೇ ಇದೆ. ಸೋಂಕು ಆಗುವುದು, ತಂತಿ ಜಾರುವುದು ಉಂಟು. ಆದರೆ ಹುರಿಯನ್ನು ಯಾರೂ ಬೇಕೆಂದು ಚುಚ್ಚುವುದಿಲ್ಲ.

ಹೊರಗೆ ನಿಂತ ತಂತಿ ಒಳಗಿನ ನೋವನ್ನು ತಗ್ಗಿಸುವುದು ಹೇಗೆ? ನನಗೆ ಎಷ್ಟು ಹೇಳಿದರೂ ಸಾಲದ ವಿಷಯ ಇದು. ಕಾಲಿನ ಕಿರುಬೆರಳು ಮಂಚಕ್ಕೆ ಬಡಿದದ್ದನ್ನು ನೆನಪಿಸಿಕೊಳ್ಳಿ. ಮೊದಲು 'ತಾಗಿತು' ಎಂದು ಗೊತ್ತಾಗುತ್ತದೆ. ಉರಿ ಆಮೇಲೆ ಬರುತ್ತದೆ. ಸ್ಪರ್ಶದ ಸುದ್ದಿ ತರುವ ನರದ ಎಳೆಗಳು ದಪ್ಪ. ಅವು ಸೆಕೆಂಡಿಗೆ 35 ಮೀಟರಿಗೂ ಜಾಸ್ತಿ ವೇಗದಲ್ಲಿ ಓಡುತ್ತವೆ. ಉರಿಯ ಸುದ್ದಿ ತರುವ ಸಣ್ಣ ಎಳೆಗಳದ್ದು ಸೆಕೆಂಡಿಗೆ ಒಂದೆರಡು ಮೀಟರ್, ಕೆಲವೊಮ್ಮೆ ಅದಕ್ಕೂ ಕಡಿಮೆ. ಎರಡೂ ಬಂದು ಸೇರುವುದು ಬೆನ್ನುಹುರಿಯ ಹಿಂಭಾಗದಲ್ಲಿ. ಅಲ್ಲೊಂದು ಬಾಗಿಲಿದೆ, ದಪ್ಪ ಎಳೆಗಳು ಗದ್ದಲ ಮಾಡಿದರೆ ಅದು ಮುಚ್ಚಿಕೊಳ್ಳುತ್ತದೆ ಎಂದು ನೋವಿನ ಸಂಶೋಧಕರಾದ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಹೇಳಿದರು. ನಮ್ಮ ಮಾತಿನಲ್ಲಿ ಅದು ಕೆರೆಯ ತೂಬು. ನೀರು ಎಷ್ಟೇ ಇರಲಿ, ತೂಬು ಎಷ್ಟು ತೆರೆದಿದೆಯೋ ಅಷ್ಟೇ ಗದ್ದೆಗೆ ಹರಿಯುತ್ತದೆ. ಬಿದ್ದ ಮಗುವಿನ ಮೊಣಕಾಲನ್ನು ತಾಯಿ ಉಜ್ಜಿದಾಗ ಆಗುವುದು ಇದೇ. ಉಜ್ಜುವ ಕೈ ದಪ್ಪ ಎಳೆಗಳನ್ನು ಎಬ್ಬಿಸುತ್ತದೆ, ತೂಬು ಇಳಿಯುತ್ತದೆ. ಸಂತೆಯ ಗದ್ದಲದಲ್ಲಿ ಪಕ್ಕದವರ ಪಿಸುಮಾತು ಕೇಳಿಸದ ಹಾಗೆ ನೋವಿನ ಸುದ್ದಿ ಮೆದುಳಿಗೆ ಕೇಳಿಸದೆ ಹೋಗುತ್ತದೆ. ಬೆನ್ನೊಳಗಿನ ತಂತಿ ದಣಿವಿಲ್ಲದೆ ಉಜ್ಜುವ ಕೈ.

ಎರಡೇ ವರ್ಷದಲ್ಲಿ, 1967ರಲ್ಲಿ, ಅಮೆರಿಕದ ನರಶಸ್ತ್ರಚಿಕಿತ್ಸಕ ನಾರ್ಮನ್ ಶೀಲಿ ಬೆನ್ನುಹುರಿಗೆ ವಿದ್ಯುತ್ ಮಿಡಿತ ಕೊಡುವುದನ್ನು ಒಬ್ಬ ಕ್ಯಾನ್ಸರ್ ರೋಗಿಯಲ್ಲಿ ಮಾಡಿ ತೋರಿಸಿದರು. ಅದಕ್ಕೂ ಹತ್ತೊಂಬತ್ತು ಶತಮಾನ ಹಿಂದೆ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್, ಗೌಟ್ (ಕೀಲು ಊದಿ ನೋಯುವ ಕಾಯಿಲೆ) ರೋಗಿಗಳು ಸಮುದ್ರ ತೀರದಲ್ಲಿ ಜೀವಂತ ವಿದ್ಯುತ್ ಮೀನಿನ ಮೇಲೆ ಕಾಲಿಟ್ಟು ನಿಲ್ಲಬೇಕು, ಕಾಲು ಜೋಮು ಹಿಡಿಯುವ ತನಕ, ಎಂದು ಬರೆದಿದ್ದ. ಹಾಗಂತ ಮಾರುಕಟ್ಟೆಯ ಅಯಸ್ಕಾಂತದ ಬೆಲ್ಟು, ತಾಮ್ರದ ಕಡಗಗಳನ್ನು ಇದರ ಜೊತೆ ಸೇರಿಸಬೇಡಿ. ನೋವಲ್ಲಿ ಬೇಯುತ್ತಿರುವವರ ದುಡ್ಡು ಅವುಗಳ ಪಾಲಾಗುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತೂಬಿನ ವಿವರಣೆಯಲ್ಲೂ ಎಲ್ಲ ಮುಗಿದಿಲ್ಲ. ಸೆಕೆಂಡಿಗೆ 10,000 ಮಿಡಿತದ ಹೊಸ ಯಂತ್ರಗಳಲ್ಲಿ ದಪ್ಪ ಎಳೆಗಳು ಎದ್ದಾಗ ಆಗುವ ಜುಮ್ಮೆನ್ನುವ ಅನುಭವವೇ ಇರುವುದಿಲ್ಲ, ಆದರೂ ನೋವು ತಗ್ಗುತ್ತದೆ.

ಉಳಿದ ಸಂಖ್ಯೆಗಳೂ ಕೈಕೆಲಸದ ಹಿಂದೆಯೇ ಹೋಗುತ್ತವೆ. ಮೂಳೆ ಕತ್ತರಿಸಿ ಚಪ್ಪಟೆ ಪಟ್ಟಿ ಇಟ್ಟರೆ 63655. ಮಿಡಿತ ಹುಟ್ಟಿಸುವ ಪೆಟ್ಟಿಗೆಯನ್ನು ಚರ್ಮದಡಿ ಕೂರಿಸಿದರೆ 63685. ಕಾಯಿಲೆಗೆ ಬೇರೆ ಪಟ್ಟಿ, ಅದರ ಹೆಸರು ಐಸಿಡಿ-10-ಸಿಎಂ: ಬೆನ್ನಿನ ಆಪರೇಷನ್ ಆದಮೇಲೂ ಬಿಡದ ನೋವಿಗೆ ಎಂ96.1, ದೀರ್ಘಕಾಲದ ನೋವಿನ ಸಿಂಡ್ರೋಮ್‌ಗೆ ಜಿ89.4. ಈ 'ಜಿ' ನರಮಂಡಲದ ಕಾಯಿಲೆಗಳ ಅಧ್ಯಾಯ. ಎಲ್ಲವೂ ಮನಸ್ಸಿನ ಭ್ರಮೆ ಎಂದು ಬೈಸಿಕೊಂಡವರಿಗೆ ಆ ಅಕ್ಷರ ಎಷ್ಟು ದೊಡ್ಡದು! 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹೊಸ ಪಟ್ಟಿ ಐಸಿಡಿ-11 ಇನ್ನೂ ಮುಂದೆ ಹೋಗಿ, ದೀರ್ಘಕಾಲದ ನೋವಿಗೆ ಎಂಜಿ30 ಎಂಬ ಸ್ವಂತ ಮನೆಯನ್ನೇ ಕೊಟ್ಟಿದೆ.

ಪೆಟ್ಟಿಗೆ ಕೂರಿಸುವ ಮೊದಲು ಕೆಲವು ದಿನ ಪರೀಕ್ಷೆ ನಡೆಯುತ್ತದೆ. ತಂತಿ ಮಾತ್ರ ಒಳಗೆ, ಯಂತ್ರ ಹೊರಗೆ. ಆಗಲೂ 63650. ದಿನ ಮುಗಿದ ಮೇಲೆ ಆ ತಂತಿಯನ್ನು ಮೆಲ್ಲಗೆ ಎಳೆದು ತೆಗೆಯುತ್ತಾರೆ. ಅದಕ್ಕೆ ಪ್ರತ್ಯೇಕ ಸಂಖ್ಯೆ ಇಲ್ಲ, ಹಾಕಿದ್ದರಲ್ಲೇ ತೆಗೆದದ್ದೂ ಸೇರಿದೆ. ನೋವು ಅರ್ಧಕ್ಕರ್ಧ ಇಳಿದಿದ್ದರೆ ಮಾತ್ರ ಸಾಮಾನ್ಯವಾಗಿ ಮುಂದಿನ ಹೆಜ್ಜೆ. ಅದನ್ನು ಯಾವ ಸ್ಕ್ಯಾನೂ ಅಳೆಯುವುದಿಲ್ಲ. ರೋಗಿಯನ್ನೇ ಕೇಳಬೇಕು. ಹತ್ತಕ್ಕೆ ಎಂಟಿತ್ತು, ಈಗ ಮೂರು, ರಾತ್ರಿ ನಿದ್ದೆ ಬಂತು ಎಂದು ಅವರು ಹೇಳಿದ್ದನ್ನು ಡಾಕ್ಟರು ಬರೆದಿಟ್ಟಿದ್ದಾರಾ? ಬೆಂಗಳೂರಿನ ಮೇಜಿನ ಮುಂದೆ ಕೂತವರು ಟಿಪ್ಪಣಿಯಲ್ಲಿ ಮೊದಲು ಹುಡುಕುವುದು ಆ ಸಾಲನ್ನು.