ಎಲೆಕ್ಟ್ರಿಕ್ ಕಾರಿನ ಡ್ರೈವ್ ಸಿಸ್ಟಮ್ ಅಲರ್ಟ್: ಒಂದು ಅಧ್ಯಯನ ಟಿಪ್ಪಣಿ

ನಮ್ಮ ಕ್ಲಾಸಿನಲ್ಲಿ ಪಾಠ ಮಲಯಾಳದಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಬರುವ ನಾವು ನಾಲ್ಕೈದು ಜನ ಕೇಳಿದ್ದನ್ನು ರಾತ್ರಿ ಕೂತು ಕನ್ನಡದಲ್ಲಿ ಬರೆದುಕೊಳ್ಳುತ್ತೇವೆ. ಕನ್ನಡದಲ್ಲಿ ಬರೆದ ಮೇಲೇ ನನಗೆ ಎಷ್ಟೋ ಸಂಗತಿ ಸರಿಯಾಗಿ ತಲೆಗೆ ಹೋಗಿದೆ. ಈ ಟಿಪ್ಪಣಿ ಡ್ಯಾಶ್‌ಬೋರ್ಡಿನಲ್ಲಿ ಬರುವ ಡ್ರೈವ್ ಸಿಸ್ಟಮ್ ಅಲರ್ಟ್ ಬಗ್ಗೆ.

ಡ್ರೈವ್ ಸಿಸ್ಟಮ್ ಅಂದರೆ ಬ್ಯಾಟರಿ ಪ್ಯಾಕಿನಿಂದ ಚಕ್ರದವರೆಗಿನ ಇಡೀ ದಾರಿ. ಪ್ಯಾಕ್, ಅದನ್ನು ಜೋಡಿಸುವ, ಬಿಡಿಸುವ ಸ್ವಿಚ್ಚುಗಳಾದ ಕಾಂಟ್ಯಾಕ್ಟರುಗಳು, ಪ್ಯಾಕಿನ ಡಿಸಿ ಕರೆಂಟನ್ನು ಮೋಟಾರಿಗೆ ಬೇಕಾದ ಎಸಿ ಕರೆಂಟ್ ಮಾಡುವ ಇನ್ವರ್ಟರ್, ಮೋಟಾರು, ಗೇರು, ಇವನ್ನೆಲ್ಲ ತಣ್ಣಗಿಡುವ ಕೂಲಂಟ್ ಪಂಪು, ಎಲ್ಲವನ್ನೂ ನೋಡಿಕೊಳ್ಳುವ ಕಂಟ್ರೋಲ್ ಯೂನಿಟ್. ಇಷ್ಟರಲ್ಲಿ ಎಲ್ಲಿ ತೊಂದರೆ ಬಂದರೂ ಹೆಚ್ಚಾಗಿ ಹೊತ್ತಿಕೊಳ್ಳುವುದು ಒಂದೇ ದೀಪ. ಹಾಗಾಗಿ ದೀಪ ನೋಡಿ 'ಮೋಟಾರು ಹೋಯ್ತು' ಅಂತ ಹೇಳಿಬಿಡಬೇಡಿ. ಆ ದೀಪದಿಂದ ಮೊದಲು ಗೊತ್ತಾಗುವುದು ಕಾರು ಏನು ತೀರ್ಮಾನ ಮಾಡಿದೆ ಅನ್ನುವುದು. ಕೆಲವು ತೊಂದರೆಗಳನ್ನು ಅದು ಸುಮ್ನೆ ಬರೆದಿಟ್ಟುಕೊಳ್ಳುತ್ತದೆ. ಕೆಲವಕ್ಕೆ ಪವರ್ ಇಳಿಸುತ್ತದೆ, ಆಗ ಆಮೆಯ ಚಿತ್ರ ಬರುವುದುಂಟು. ಕೆಲವಕ್ಕೆ ಓಡುತ್ತಿರುವ ಕಾರನ್ನು ಓಡಲು ಬಿಡುತ್ತದೆ, ಆದರೆ ಒಮ್ಮೆ ಆಫ್ ಮಾಡಿದರೆ ಮತ್ತೆ 'ರೆಡಿ' (ಹೊರಡಲು ಸಿದ್ಧ) ಆಗಲು ಒಪ್ಪುವುದಿಲ್ಲ. ತೀರಾ ಅಪಾಯ ಅನ್ನಿಸಿದರೆ ಮಾತ್ರ ಕಾಂಟ್ಯಾಕ್ಟರ್ ಬಿಡಿಸಿ ಪ್ಯಾಕನ್ನೇ ಬೇರೆ ಮಾಡುತ್ತದೆ. ಕೆಂಪು ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಬೇಕು, ಹಳದಿ ಬಂದರೆ ಆದಷ್ಟು ಬೇಗ ತೋರಿಸಬೇಕು. ಗಾಡಿ ತಂದವರ ಹತ್ತಿರ ನಾವು ಮೊದಲು ಕೇಳಬೇಕಾದ್ದು 'ಯಾವ ದೀಪ ಬಂತು' ಅಂತ ಮಾತ್ರ ಅಲ್ಲ, 'ದೀಪ ಬಂದ ಮೇಲೆ ಕಾರು ಏನು ಮಾಡಿತು' ಅಂತಲೂ.

ಇನ್ನು ಹುಡುಕುವುದು ಎಲ್ಲಿಂದ? ಚಿಕ್ಕ 12 ವೋಲ್ಟ್ ಬ್ಯಾಟರಿಯಿಂದ. ನಮ್ಮೂರಲ್ಲಿ ಇದು ಜಾಸ್ತಿ ನೋಡಲು ಸಿಗುತ್ತದೆ. ಮನೆಯವರು ಗಲ್ಫಿನಲ್ಲಿರುತ್ತಾರೆ, ಕಾರು ಎರಡು ತಿಂಗಳು ಶೆಡ್ಡಿನಲ್ಲಿ ನಿಂತಿರುತ್ತದೆ. ರಜೆಗೆ ಬಂದು ಆನ್ ಮಾಡಿದರೆ ಡ್ಯಾಶ್‌ಬೋರ್ಡ್ ತುಂಬಾ ದೀಪ: ಬ್ರೇಕ್, ಸ್ಟೀರಿಂಗ್, ಡ್ರೈವ್ ಸಿಸ್ಟಮ್, ಎಲ್ಲವೂ. ದೊಡ್ಡ ಪ್ಯಾಕಿನಲ್ಲಿ ನೂರಕ್ಕೆ ಎಂಬತ್ತು ಚಾರ್ಜ್ ಇದ್ದರೂ ಪ್ರಯೋಜನ ಇಲ್ಲ. ಯಾಕೆಂದರೆ ಪ್ಯಾಕನ್ನು ಜೋಡಿಸುವ ಕಾಂಟ್ಯಾಕ್ಟರಿನ ಕಾಯಿಲ್ ಕೆಲಸ ಮಾಡುವುದು 12 ವೋಲ್ಟಿನಲ್ಲಿ. ಕಂಟ್ರೋಲ್ ಯೂನಿಟ್‌ಗಳು ಮಾತಾಡಿಕೊಳ್ಳುವುದೂ ಅದರ ಮೇಲೆಯೇ. ವೋಲ್ಟೇಜ್ ಬಿದ್ದಾಗ ಒಂದಕ್ಕೊಂದು ಸಂಪರ್ಕ ಸಿಗದೆ ಎಲ್ಲವೂ ಒಟ್ಟಿಗೆ ದೂರು ಹೇಳುತ್ತವೆ. ಕಾರು ಬರೆದಿಟ್ಟ ತೊಂದರೆಯ ಕೋಡುಗಳನ್ನು ಓದುವ ಸ್ಕ್ಯಾನರಿನಲ್ಲಿ 'ಯು' ಅಕ್ಷರದಿಂದ ಶುರುವಾಗುವ ಕೋಡುಗಳು ಸಾಲಾಗಿ ಬಂದರೆ ಅವು ಸಂಪರ್ಕ ತಪ್ಪಿದ ಕೋಡುಗಳು. ಆಗ ಮಲ್ಟಿಮೀಟರ್ ತೆಗೆದುಕೊಂಡು ಚಿಕ್ಕ ಬ್ಯಾಟರಿಗೆ ಹಿಡಿಯಿರಿ. ಲೆಡ್ ಆಸಿಡ್ ಬ್ಯಾಟರಿಯಾದರೆ, ಸುಮ್ನೆ ಇದ್ದಾಗ 12.6 ವೋಲ್ಟಿನ ಹತ್ತಿರ ಇದ್ದರೆ ಒಳ್ಳೆಯದು, 12ಕ್ಕಿಂತ ಕೆಳಗೆ ಹೋದರೆ ಸೋತಿದೆ ಅಂತ ಅರ್ಥ. ಕಾರು ರೆಡಿಯಲ್ಲಿದ್ದಾಗ ಅಲ್ಲೇ ಸುಮಾರು 13.5ರಿಂದ 14.5 ಕಾಣಬೇಕು. ಅಷ್ಟು ಕಾಣದಿದ್ದರೆ ದೊಡ್ಡ ಪ್ಯಾಕಿನಿಂದ ಚಿಕ್ಕದನ್ನು ಚಾರ್ಜ್ ಮಾಡುವ ಡಿಸಿ-ಡಿಸಿ ಕನ್ವರ್ಟರ್ ಕಡೆ ನೋಡಬೇಕು.

12 ವೋಲ್ಟ್ ಸರಿ ಇದ್ದೂ ಕಾರು ರೆಡಿ ಆಗದಿದ್ದರೆ ಪ್ರೀ-ಚಾರ್ಜ್ ಬಗ್ಗೆ ಯೋಚಿಸಿ. ಇದು ನನಗೆ ಮೂರು ಸಲ ಹೇಳಿದರೂ ಅರ್ಥವಾಗಿರಲಿಲ್ಲ. ಆಮೇಲೆ ತೋಟದ ಸ್ಪ್ರಿಂಕ್ಲರ್ ನೆನಪಾಯಿತು. ಖಾಲಿ ಪೈಪ್‌ಲೈನಿಗೆ ಗೇಟ್ ವಾಲ್ವನ್ನು ಒಮ್ಮೆಗೇ ಪೂರ್ತಿ ತಿರುಗಿಸಿದರೆ ನೀರು ಬಡಿದು ಜಾಯಿಂಟ್ ಬಿಡುತ್ತದೆ, ಅಲ್ವಾ? ಮೊದಲು ಸ್ವಲ್ಪ ತೆರೆದು, ಪೈಪು ತುಂಬಿದ ಮೇಲೆ ಪೂರ್ತಿ ತೆರೆಯುತ್ತೇವೆ. ಇನ್ವರ್ಟರಿನ ಒಳಗೆ ದೊಡ್ಡ ಕೆಪಾಸಿಟರ್ ಇದೆ, ಅದೇ ಖಾಲಿ ಪೈಪು. ನೇರ ಜೋಡಿಸಿದರೆ ಕರೆಂಟ್ ಒಮ್ಮೆಗೇ ನುಗ್ಗಿ ಕಾಂಟ್ಯಾಕ್ಟರಿನ ತುದಿಗಳು ಬೆಸೆದುಕೊಳ್ಳುತ್ತವೆ. ಅದಕ್ಕೆ ಮೊದಲು ಒಂದು ರೆಸಿಸ್ಟರ್ ಮೂಲಕ ತುಂಬಿಸುತ್ತಾರೆ. ಲೆಕ್ಕಕ್ಕೆ ಪ್ಯಾಕ್ 350 ವೋಲ್ಟ್, ರೆಸಿಸ್ಟರ್ 50 ಓಮ್, ಕೆಪಾಸಿಟರ್ 500 ಮೈಕ್ರೋಫ್ಯಾರಡ್ ಅಂತ ಹಿಡಿಯಿರಿ. ಶುರುವಿನ ಕರೆಂಟ್ ಬರೀ 7 ಆಂಪಿಯರ್. 75 ಮಿಲಿಸೆಕೆಂಡಿನಲ್ಲಿ ನೂರಕ್ಕೆ 95 ಭಾಗ ತುಂಬಿರುತ್ತದೆ. ಆಮೇಲೆ ಮುಖ್ಯ ಕಾಂಟ್ಯಾಕ್ಟರ್ ಕೂರುತ್ತದೆ. ರೆಡಿ ಆಗುವಾಗ ಸೀಟಿನ ಕೆಳಗಿನಿಂದ ಟಕ್, ಟಕ್ ಅಂತ ಕೇಳುತ್ತದಲ್ಲ, ಅದು ಈ ಕಾಂಟ್ಯಾಕ್ಟರುಗಳ ಸದ್ದು. ಹೇಳಿದಷ್ಟು ಸಮಯದಲ್ಲಿ ವೋಲ್ಟೇಜ್ ಏರದಿದ್ದರೆ ಕಾರು ಅಲ್ಲಿಗೇ ಬಿಟ್ಟುಬಿಡುತ್ತದೆ, ಅಲರ್ಟ್ ಬರುತ್ತದೆ. ಅದೇ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುವುದರಿಂದ ಪ್ಯಾಕ್ ಬೇರೆ ಮಾಡಿದ ಮೇಲೂ ಕಾಯಬೇಕು. ಎಷ್ಟು ನಿಮಿಷ ಅಂತ ಆಯಾ ಕಾರಿನ ಮ್ಯಾನುವಲ್ ಹೇಳುತ್ತದೆ. ಕಾದ ಮೇಲೂ ಮೀಟರ್ ಹಿಡಿದು ನೋಡದೆ ಮುಟ್ಟಬಾರದು.

ಮೋಟಾರಿನ ರೆಸಾಲ್ವರ್ ಬಗ್ಗೆ ಎರಡೇ ಮಾತು. ರೋಟರ್ ಈಗ ಯಾವ ಕೋನದಲ್ಲಿದೆ ಅಂತ ಇನ್ವರ್ಟರಿಗೆ ಹೇಳುವ ಸೆನ್ಸರ್ ಅದು. ಕೋಡ್ ಪಿ0ಎ3ಎಫ್ ಬಂದರೆ ಸೆನ್ಸರ್ ಬದಲಿಸುವ ಮೊದಲು ಅದರ ವೈರು, ಕನೆಕ್ಟರ್ ನೋಡಿ.

ಬಿಸಿಯ ಅಲರ್ಟಿಗೆ ಘಾಟಿ ಏರುವ ಒಂದು ದಾರಿ ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಚೆರ್ಕಳ, ಜಾಲ್ಸೂರು, ಸುಳ್ಯ, ಸಂಪಾಜೆ, ಮಡಿಕೇರಿ. ಜನ ಸೇರಿ 1,800 ಕಿಲೋ ತೂಗುವ ಕಾರನ್ನು 1,000 ಮೀಟರ್ ಎತ್ತರಕ್ಕೆ ಏರಿಸಲಿಕ್ಕೇ ಸುಮಾರು 5 ಯೂನಿಟ್ ಕರೆಂಟ್ ಬೇಕು, ದಾರಿಯ ಖರ್ಚು ಬೇರೆ. ಘಾಟಿಯಲ್ಲಿ ಇನ್ವರ್ಟರ್, ಮೋಟಾರು ಎಡೆಬಿಡದೆ ದುಡಿಯುತ್ತವೆ. ಕೂಲಂಟ್ ಕಡಿಮೆ ಇದ್ದರೆ, ಪಂಪು ಸೋತಿದ್ದರೆ, ಸಪಾಟು ರಸ್ತೆಯಲ್ಲಿ ಕಾಣದ ತೊಂದರೆ ಅಲ್ಲಿ ಕಾಣುತ್ತದೆ. ಕಾರು ಪವರ್ ಇಳಿಸುತ್ತದೆ, ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಸರಿ. ಸರಿಯಾಯ್ತು ಅಂತ ಬಿಡಬೇಡಿ, ಕೂಲಂಟ್ ಮಟ್ಟ ನೋಡಿ, ಪಂಪು ತಿರುಗುತ್ತಿದೆಯಾ ನೋಡಿ. ಆದರೆ ಮಡಿಕೇರಿಯಲ್ಲಿ ಫುಲ್ ಚಾರ್ಜ್ ಮಾಡಿ ಕೆಳಗೆ ಇಳಿಯುವಾಗ 'ರೀಜನ್ ಕಡಿಮೆಯಾಗಿದೆ' (ರೀಜನ್ ಅಂದರೆ ವೇಗ ಇಳಿಸುವಾಗ ಮೋಟಾರು ಪ್ಯಾಕಿಗೆ ಕರೆಂಟ್ ವಾಪಸು ತುಂಬುವುದು) ಅಂತ ಬಂದರೆ ಅದು ತೊಂದರೆ ಅಲ್ಲ. ತುಂಬಿದ ಪ್ಯಾಕಿಗೆ ಇನ್ನು ಹಾಕಲು ಜಾಗ ಇಲ್ಲ, ಅಷ್ಟೇ. ಬ್ರೇಕ್ ಪೆಡಲ್ ಜಾಸ್ತಿ ಬೇಕಾಗುತ್ತದೆ, ಅದನ್ನು ಓಡಿಸುವವರಿಗೆ ಹೇಳಿಕೊಡಬೇಕು.

ಈಗ ಇನ್ಸುಲೇಷನ್ ಅಲರ್ಟ್. ನಮ್ಮ ಮಳೆಯ ಊರಿನಲ್ಲಿ ಕಲಿಯುವವರು ಇದನ್ನು ಚೆನ್ನಾಗಿ ತಿಳಿದಿರಬೇಕು ಅಂತ ನನ್ನ ಆಸೆ. ಪ್ಯಾಕಿನ ಪಾಸಿಟಿವ್, ನೆಗೆಟಿವ್ ಎರಡೂ ಕಾರಿನ ಬಾಡಿಯ ಲೋಹಕ್ಕೆ ತಾಗಿರುವುದಿಲ್ಲ. ಕಿತ್ತಳೆ ಬಣ್ಣದ ಕೇಬಲುಗಳಲ್ಲಿ ಅವು ಬೇರೆಯಾಗಿಯೇ ಓಡಾಡುತ್ತವೆ. ಒಂದು ಕಡೆಯಿಂದ ಕರೆಂಟ್ ಆ ಲೋಹಕ್ಕೆ ಸೋರಿದರೆ ಕೂಡಲೇ ಶಾಕ್ ಹೊಡೆಯುವುದಿಲ್ಲ, ಯಾಕೆಂದರೆ ಕರೆಂಟಿಗೆ ವಾಪಸು ಹೋಗುವ ದಾರಿ ಇಲ್ಲ. ಎರಡನೇ ಕಡೆಯೂ ಸೋರಿದಾಗ ದಾರಿ ಪೂರ್ತಿಯಾಗುತ್ತದೆ. ಅದಕ್ಕೆ ಕಾರು ಮೊದಲ ಸೋರಿಕೆಯಲ್ಲೇ ಎಚ್ಚರಿಸುತ್ತದೆ. ಸುರಕ್ಷತಾ ನಿಯಮಗಳಲ್ಲಿ ಈ ಇನ್ಸುಲೇಷನ್ನಿನ ರೆಸಿಸ್ಟೆನ್ಸ್ ಡಿಸಿಗೆ ವೋಲ್ಟಿಗೆ 100 ಓಮ್, ಎಸಿಗೆ ವೋಲ್ಟಿಗೆ 500 ಓಮ್ ಕನಿಷ್ಠ. 320 ವೋಲ್ಟಿನ ಪ್ಯಾಕಿಗೆ ಇವೆರಡರಲ್ಲಿ ಬಿಗಿಯಾದ 500ರ ಲೆಕ್ಕವನ್ನೇ ಹಾಕಿದರೆ 1,60,000 ಓಮ್. ಅಂದರೆ ಸೋರುವ ಕರೆಂಟ್ 2 ಮಿಲಿಆಂಪಿಯರ್ ದಾಟಬಾರದು. ಮನೆಯಲ್ಲಿ ಮಳೆಗಾಲಕ್ಕೆ ಇಎಲ್‌ಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಬಿದ್ದರೆ ಪಂಪಿನ ವೈರು ಒದ್ದೆಯಾಗಿದೆಯಾ ಅಂತ ನೋಡುತ್ತೇವಲ್ಲ, ಯೋಚನೆಯ ದಾರಿ ಅದೇ. ಕೋಡ್ ಹೆಚ್ಚಾಗಿ ಪಿ0ಎಎ6.

ಕಳೆದ ಮಳೆಗಾಲ ನಾನು ಕಲಿಯಲು ಹೋಗುವ ಗ್ಯಾರೇಜಿಗೆ ನೀರ್ಚಾಲು ಕಡೆಯ ಕೃಷಿಕರೊಬ್ಬರು ಫೋನ್ ಮಾಡಿದರು. 'ಬೆಳಿಗ್ಗೆ ಕೆಂಪು ದೀಪ, ಕಾರು ಹೊರಡುವುದೇ ಇಲ್ಲ ಮಾರಾಯ್ರೆ. ಹನ್ನೊಂದು ಗಂಟೆಗೆ ಬಿಸಿಲು ಬಂದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ.' ನಾಲ್ಕು ದಿನ ಹೀಗೇ ಆಗಿತ್ತು. ಹಗ್ಗ ಕಟ್ಟಿ ಎಳೆದುಕೊಂಡು ಬರುವುದಾ ಅಂತ ಕೇಳಿದರು. ಅದು ಬೇಡ, ಚಕ್ರ ನೆಲದಲ್ಲಿ ತಿರುಗಿದರೆ ಮ್ಯಾಗ್ನೆಟ್ ಇರುವ ಮೋಟಾರು ತಾನೇ ಕರೆಂಟ್ ಹುಟ್ಟಿಸುತ್ತದೆ ಅಂತ ಹೇಳಿ ಲಾರಿಯಲ್ಲಿ ಹೇರಿಸಿ ತರಿಸಿದೆವು.

ಗ್ಯಾರೇಜಿಗೆ ಬಂದಾಗ ಬಿಸಿಲು. ದೀಪ ಇಲ್ಲ, ಕೋಡ್ ಮಾತ್ರ ಉಳಿದಿತ್ತು. ನಮ್ಮ ಹಿರಿಯ ಮೆಕ್ಯಾನಿಕ್ ಅಣ್ಣ ಪ್ಯಾಕ್ ಬೇರೆ ಮಾಡಿ, ಕಾದು, ಹೈ ವೋಲ್ಟೇಜ್ ಗ್ಲೌಸ್ ಹಾಕಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆ ಒಂದೊಂದೇ ಕವಲನ್ನು ಬಿಡಿಸಿ ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಿಡಿದರು. ಎಲ್ಲವೂ ಮೆಗಾ ಓಮಿನಲ್ಲಿತ್ತು, ಎಲ್ಲವೂ ಸರಿ. ಆಗ ಅವರು ಕೈಯಲ್ಲಿ ಹಿಡಿಯುವ ಸ್ಪ್ರೇಯರಿನಲ್ಲಿ ನೀರು ತುಂಬಿಸಿ ತಂದು, ಏರ್ ಕಂಡಿಷನರಿನ ಕಂಪ್ರೆಸರಿಗೆ ಹೋಗುವ ಕೇಬಲ್ ಮೇಲೆ ಮೆಲ್ಲನೆ ಹೊಡೆದರು. ಮೆಗ್ಗರಿನ ಅಂಕಿ ಕುಸಿಯಿತು. ಟಾರ್ಚ್ ಹಾಕಿ ನೋಡಿದರೆ ಬಂಪರಿನ ಹಿಂದೆ ಕೇಬಲಿನ ಕಿತ್ತಳೆ ಬಣ್ಣದ ಹೊದಿಕೆಯ ಮೇಲೆ ಎರಡು ಸಣ್ಣ ಹಲ್ಲಿನ ಗುರುತು, ಒಳಗಿನ ಜಾಲರಿ ಬೆಳ್ಳಗೆ ಮಿನುಗುತ್ತಿತ್ತು. ಇಲಿ. ರಾತ್ರಿಯ ಮಳೆಗೆ ಶೆಡ್ಡಿನ ಬದಿಯಿಂದ ಎರಚಲು ಬಂದು ಆ ಗಾಯದೊಳಗೆ ನೀರು ಕೂರುತ್ತಿತ್ತು, ಬಿಸಿಲಿಗೆ ಒಣಗುತ್ತಿತ್ತು.

'ಟೇಪ್ ಸುತ್ತಿದರೆ ಆಗದಾ ಅಣ್ಣ?' ಅಂತ ನಾನು ಕೇಳಿದೆ. ಆಗುವುದಿಲ್ಲ ಅಂದರು. ಕಿತ್ತಳೆ ಕೇಬಲಿಗೆ ಟೇಪ್ ಇಲ್ಲ, ಪೂರ್ತಿ ಬದಲಿಸಬೇಕು. ಹೊಸ ಕೇಬಲ್ ಬರಲು ವಾರ ಹಿಡಿಯಿತು. ಹಾಕಿದ ಮೇಲೆ ಮತ್ತೆ ನೀರು ಹೊಡೆದು ಮೆಗ್ಗರ್ ನೋಡಿದೆವು, ಅಂಕಿ ಅಲ್ಲಾಡಲಿಲ್ಲ. ಆ ಕೃಷಿಕರು ಕಾರಿನ ಪಕ್ಕದಲ್ಲಿ ಪೇರಿಸಿದ್ದ ಹಿಂಡಿಯ ಗೋಣಿಗಳನ್ನು ಅದೇ ಸಂಜೆ ಹಟ್ಟಿಯ ಅಟ್ಟಕ್ಕೆ ಸಾಗಿಸಿದರಂತೆ.