ಮೊದಲು ಬಂದ ಆಂಬುಲೆನ್ಸ್ ಯಾರನ್ನೂ ಒಯ್ಯಬಾರದು

ಬಸ್ಸು ಉರುಳಿ ನಲವತ್ತು ಜನ ರಸ್ತೆಯಲ್ಲಿ ಬಿದ್ದಿದ್ದಾರೆ ಎನ್ನಿ. ಮೊದಲ ಆಂಬುಲೆನ್ಸಿನಿಂದ ಇಳಿದ ಇಎಂಟಿ, ಅಂದರೆ ತುರ್ತು ಚಿಕಿತ್ಸೆಯ ತರಬೇತಿ ಪಡೆದ ಸಿಬ್ಬಂದಿ, ಯಾರನ್ನೂ ಎತ್ತಿಕೊಳ್ಳದೆ, ಫೋನು ಕಿವಿಗಿಟ್ಟು ಒಂದು ಸುತ್ತು ಹಾಕುತ್ತಾನೆ. ಸೇರಿದ ಜನ ಶಾಪ ಹಾಕುತ್ತಾರೆ. ಆದರೆ ಅವನು ಮಾಡುತ್ತಿರುವುದೇ ಸರಿ. ಇಬ್ಬರನ್ನು ಹಾಕಿಕೊಂಡು ಅವನು ಹೊರಟುಬಿಟ್ಟರೆ ಉಳಿದ ಮೂವತ್ತೆಂಟು ಮಂದಿಯ ಲೆಕ್ಕ ಇಡುವವರೇ ಇಲ್ಲ.

ಅವನು ಕಂಟ್ರೋಲ್ ರೂಮಿಗೆ ಹೇಳಬೇಕಾದ್ದು ಇಷ್ಟು: ನಿಖರವಾದ ಜಾಗ, ಆದದ್ದೇನು, ಡೀಸೆಲ್ ಸೋರಿಕೆಯೋ ಹರಿದ ವಿದ್ಯುತ್ ತಂತಿಯೋ ಇದೆಯೇ, ಯಾವ ಕಡೆಯಿಂದ ಬರಬಹುದು, ಗಾಯಾಳುಗಳೆಷ್ಟು, ಇನ್ನೇನು ಬೇಕು. ಬ್ರಿಟನ್ನಿನಲ್ಲಿ ಇದನ್ನು ‘ಮೀಥೇನ್’ ಪದದ ಅಕ್ಷರಗಳಿಗೆ ಪೋಣಿಸಿ ಬಾಯಿಪಾಠ ಮಾಡಿಸುತ್ತಾರೆ.

ಆಮೇಲೆ ವಿಂಗಡಣೆ, ಅಂದರೆ ಟ್ರಯಾಜ್. ಉಣ್ಣೆಯನ್ನೂ ಕಾಫಿ ಬೀಜವನ್ನೂ ಆರಿಸುವುದಕ್ಕೆ ಬಳಕೆಯಲ್ಲಿದ್ದ ಫ್ರೆಂಚ್ ಪದ ಅದು. ನೆಪೋಲಿಯನ್ನನ ಸೇನಾವೈದ್ಯ ಲಾರೇ ಅಧಿಕಾರಿ, ಜವಾನ ಎಂದು ನೋಡದೆ ಗಾಯದ ತೀವ್ರತೆ ನೋಡಿಯೇ ಸರದಿ ಕೊಡುತ್ತಿದ್ದ. 1790ರ ದಶಕದಲ್ಲಿ ರಣರಂಗಕ್ಕೆ ಕುದುರೆಗಾಡಿಯ ‘ಹಾರುವ ಆಂಬುಲೆನ್ಸ್’ ತಂದವನೂ ಅವನೇ.

ಇವತ್ತು ಹಲವು ಕಡೆ ಬಳಕೆಯಲ್ಲಿರುವ ‘ಸ್ಟಾರ್ಟ್’ ವಿಧಾನ ಕ್ಯಾಲಿಫೋರ್ನಿಯದ ನ್ಯೂಪೋರ್ಟ್ ಬೀಚಿನಲ್ಲಿ 1983ರಲ್ಲಿ ಹುಟ್ಟಿದ್ದು. ಒಬ್ಬೊಬ್ಬರಿಗೆ ಅರ್ಧ ನಿಮಿಷ, ಹೆಚ್ಚೆಂದರೆ ಒಂದು. ನೋಡಿದವರಿಗೆಲ್ಲ ಒಂದು ಬಣ್ಣದ ಚೀಟಿ ಕಟ್ಟುತ್ತಾರೆ: ಕೆಂಪು ಎಂದರೆ ತಕ್ಷಣ ನೋಡಬೇಕಾದವರು, ಹಳದಿ ಸ್ವಲ್ಪ ಕಾಯಬಲ್ಲವರು, ಹಸಿರು ಸಣ್ಣ ಗಾಯದವರು, ಕಪ್ಪು ಸತ್ತವರು ಇಲ್ಲವೆ ಉಳಿಯುವ ಆಸೆಯಿಲ್ಲದವರು. ಮೊದಲು ಒಂದು ಕೂಗು: “ನಡೆಯಲು ಆಗುವವರೆಲ್ಲ ಆ ಮರದ ಕೆಳಗೆ ಬನ್ನಿ!” ಎದ್ದು ಬಂದವರೆಲ್ಲ ಹಸಿರು. ಜೊಳ್ಳು ಹಾರಿ ಕಾಳು ಮೊರದಲ್ಲೇ ಉಳಿದಂತೆ, ನಿಜವಾಗಿ ನೋಡಬೇಕಾದವರು ಬಿದ್ದಲ್ಲೇ ಉಳಿಯುತ್ತಾರೆ. ಇನ್ನು ಉಸಿರು. ಇಲ್ಲವೆಂದರೆ ತಲೆ ಹಿಂದಕ್ಕೆ ಬಾಗಿಸಿ ಗಲ್ಲ ಎತ್ತಿ ದಾರಿ ಬಿಡಿಸುವುದು. ಬಂದರೆ ಕೆಂಪು, ಬರದಿದ್ದರೆ ಕಪ್ಪು. ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರಾಟವಿದ್ದರೂ ಕೆಂಪೇ. ಪೂರ್ತಿ ನಿಮಿಷ ಎಣಿಸುವ ಪುರುಸೊತ್ತು ಯಾರಿಗಿದೆ? 15 ಸೆಕೆಂಡಿಗೆ ಎಂಟಾದರೆ ಸಾಕು.

ಮೂರನೆಯದು ರಕ್ತಸಂಚಾರ. ಉಗುರು ಒತ್ತಿ ಬಿಟ್ಟಾಗ ಬಿಳಿಚಿದ್ದು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಗಾಗಬೇಕು. ಚಳಿಯಲ್ಲಿ ಬೆರಳಿನ ರಕ್ತನಾಳ ತಾನಾಗಿಯೇ ಕುಗ್ಗಿರುತ್ತದೆ, ಕತ್ತಲಲ್ಲಿ ಬಣ್ಣವೇ ಕಾಣುವುದಿಲ್ಲ. ಅದಕ್ಕೇ ಈಗ ಮಣಿಕಟ್ಟಿನ ನಾಡಿಯನ್ನೇ ಮುಟ್ಟಿ ನೋಡುತ್ತಾರೆ. ಸಿಗದಿದ್ದರೆ ಕೆಂಪು. ಕೊನೆಗೆ, “ನನ್ನ ಕೈ ಹಿಸುಕಿ” ಎಂದಾಗ ಹಿಸುಕದವರು ಕೆಂಪು, ಹಿಸುಕಿದವರು ಹಳದಿ. ಈ ಸುತ್ತಿನಲ್ಲಿ ಚಿಕಿತ್ಸೆ ಎರಡೇ: ಉಸಿರಿನ ದಾರಿ ಬಿಡಿಸುವುದು, ಚಿಮ್ಮುವ ರಕ್ತ ನಿಲ್ಲಿಸುವುದು. ಎದೆ ಒತ್ತುತ್ತ ಕೂರುವಂತಿಲ್ಲ. ಒಬ್ಬನಿಗಾಗಿ ಇಬ್ಬರು ಕೂತರೆ ಆ ಹೊತ್ತಿನಲ್ಲಿ ಪಕ್ಕದಲ್ಲಿ ನಾಲ್ಕು ಜನ ರಕ್ತ ಹರಿದೇ ಹೋಗುತ್ತಾರೆ. ಮಕ್ಕಳಿಗೆ ಮಾತ್ರ ವಿನಾಯಿತಿ: ಉಸಿರಿಲ್ಲದೆ ನಾಡಿಯಿದ್ದರೆ ಐದು ಸಲ ಉಸಿರು ಕೊಟ್ಟು ನೋಡುತ್ತಾರೆ.

ಜನ ಮಾಡುವುದು ಇದಕ್ಕೆ ತೀರ ಉಲ್ಟಾ. ಜೋರಾಗಿ ಕೂಗುವವನನ್ನೇ ಮೊದಲು ಎತ್ತುತ್ತಾರೆ. ಕೂಗುವವನಿಗೆ ಉಸಿರಾದರೂ ಇದೆ ಮಾರಾಯ್ರೇ, ಸುಮ್ಮನೆ ಬಿದ್ದವನನ್ನು ನೋಡಿ!

ಗಾಡಿಗಳ ಕಥೆಯೇ ಬೇರೆ. ಅವು ಸ್ವಲ್ಪ ದೂರದಲ್ಲಿ ಸಾಲಾಗಿ ನಿಂತು, ಕರೆದಾಗ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗಬೇಕು. 108ರಲ್ಲಿ ಪೈಲಟ್ ಎಂದು ಕರೆಸಿಕೊಳ್ಳುವ ಚಾಲಕ ಸ್ಟೀರಿಂಗ್ ಬಿಟ್ಟು ಸ್ಟ್ರೆಚರ್ ಹಿಡಿಯಲು ಓಡಿದನೋ, ಕೀಲಿ ಅವನ ಜೇಬಿನಲ್ಲಿ, ಹಿಂದೆ ಆರು ಗಾಡಿಗಳ ಜಾಮ್.

ಎಲ್ಲರನ್ನೂ ಹತ್ತಿರದ ಆಸ್ಪತ್ರೆಗೆ ಸುರಿದರೆ ಅಪಘಾತ ರಸ್ತೆಯಿಂದ ಆಸ್ಪತ್ರೆಯ ವರಾಂಡಕ್ಕೆ ಜಾಗ ಬದಲಿಸುತ್ತದೆ, ಅಷ್ಟೆ. 1995ರ ಮಾರ್ಚ್ 20ರಂದು ಟೋಕಿಯೊ ಮೆಟ್ರೊದಲ್ಲಿ ಸರೀನ್ ವಿಷ ಹರಡಿದಾಗ ಸೇಂಟ್ ಲ್ಯೂಕ್ಸ್ ಆಸ್ಪತ್ರೆಗೆ ಒಂದೇ ದಿನ 640 ಮಂದಿ ಬಂದರು. ಹೆಚ್ಚಿನವರು ನಡೆದು, ಟ್ಯಾಕ್ಸಿಯಲ್ಲಿ, ದಾರಿಹೋಕರ ಕಾರಿನಲ್ಲಿ ಬಂದವರು. ಅವರ ಬಟ್ಟೆಯ ವಿಷ ಸಿಬ್ಬಂದಿಗೂ ತಗುಲಿತು. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದಲ್ಲಿ ಗಾಯಾಳುಗಳನ್ನು ಹಲವು ಆಸ್ಪತ್ರೆಗಳಿಗೆ ಹಂಚಿದರು. ಜೀವವಿದ್ದು ಆಸ್ಪತ್ರೆ ಸೇರಿದವರಲ್ಲಿ ಒಬ್ಬರೂ ಸಾಯಲಿಲ್ಲ.

ಚೀಟಿ ಕಟ್ಟಿದ ಮೇಲೂ ಕೆಲಸ ಮುಗಿಯದು. ಹೊಟ್ಟೆಯೊಳಗೆ ರಕ್ತ ಸೋರುವವನು ಅರ್ಧ ಗಂಟೆಯಲ್ಲಿ ಹಳದಿಯಿಂದ ಕೆಂಪಾಗುತ್ತಾನೆ, ಹಾಗಾಗಿ ಮತ್ತೆ ಮತ್ತೆ ನೋಡುತ್ತಿರಬೇಕು. ಹರಿದು ತೆಗೆಯುವಂಥ ಚೀಟಿಗಳಲ್ಲಿ ಬಣ್ಣದ ಪಟ್ಟಿಗಳು ಮೇಲಿನಿಂದ ಕಪ್ಪು, ಕೆಂಪು, ಹಳದಿ, ಹಸಿರು ಎಂದಿರುತ್ತವೆ; ಬೇಡದ್ದನ್ನು ಕೆಳಗಿನಿಂದ ಹರಿಯುತ್ತ ಹೋಗುವುದು, ಕೆಳತುದಿಯಲ್ಲಿ ಉಳಿದ ಬಣ್ಣವೇ ಗಾಯಾಳುವಿನದು. ಸ್ಥಿತಿ ಕೆಟ್ಟರೆ ಇನ್ನೊಂದು ಪಟ್ಟಿ ಹರಿದರಾಯಿತು. ಸುಧಾರಿಸಿದರೆ ಹರಿದದ್ದನ್ನು ಅಂಟಿಸಲಾಗದು, ಹೊಸ ಚೀಟಿಯನ್ನೇ ಕಟ್ಟಬೇಕು.